ಕೋಶಕೇಂದ್ರ ವಿರೋಧಿ ಪ್ರತಿಕಾಯಗಳು

ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಜೀವಕೋಶಗಳ ಕೇಂದ್ರದಲ್ಲಿರುವ ಡಿಎನ್‌ಎ, ಹಿಸ್ಟೋನ್ ಮುಂತಾದ ಘಟಕಗಳ ವಿರುದ್ಧ ಉತ್ಪಾದಿಸುವ ಪ್ರೋಟೀನುಗಳನ್ನು ಕೋಶಕೇಂದ್ರ ವಿರೋಧಿ ಪ್ರತಿಕಾಯಗಳು (ಎಎನ್‌ಎ) ಎನ್ನುತ್ತಾರೆ. ಚರ್ಮ, ಕೀಲು, ಮೂತ್ರಪಿಂಡಗಳನ್ನು ಬಾಧಿಸುವ ಲೂಪಸ್ ಕಾಯಿಲೆಯ ಬಹುತೇಕ ಎಲ್ಲ ರೋಗಿಗಳ ರಕ್ತದಲ್ಲಿ ಇವು ಕಂಡುಬರುತ್ತವೆ.

ಇತಿಹಾಸ

೧೯೪೮ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಮಾಲ್ಕಮ್ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ, ಬೇರೆ ಕೋಶಗಳ ಕೇಂದ್ರವನ್ನು ನುಂಗಿದ್ದ ಬಿಳಿ ರಕ್ತಕಣಗಳನ್ನು ಗುರುತಿಸಿ ‘ಎಲ್‌ಇ ಕೋಶ’ ಎಂದು ಕರೆದರು. ಇದಕ್ಕೆ ಈ ಪ್ರತಿಕಾಯಗಳೇ ಕಾರಣವೆಂಬುದು ಅನಂತರ ತಿಳಿದುಬಂದಿತು.

ಪರಿಣಾಮ

ಸತ್ತ ಕೋಶಗಳ ಅವಶೇಷಗಳು ಸರಿಯಾಗಿ ವಿಲೇವಾರಿಯಾಗದಿದ್ದಾಗ ಕೋಶಕೇಂದ್ರದ ಘಟಕಗಳು ಹೊರಗೆ ಉಳಿಯುತ್ತವೆ. ಪ್ರತಿಕಾಯಗಳು ಅವುಗಳೊಡನೆ ಕೂಡಿ ಸಂಕೀರ್ಣಗಳಾಗಿ, ಮೂತ್ರಪಿಂಡದ ಸೂಕ್ಷ್ಮ ಶೋಧಕಗಳಲ್ಲಿ ಸಂಚಯಗೊಂಡು ಉರಿಯೂತವನ್ನು ಉಂಟುಮಾಡುತ್ತವೆ.

ಪರೀಕ್ಷೆ

ರಕ್ತಸಾರವನ್ನು ‘ಹೆಪ್-೨’ ಎಂಬ ಕೋಶಗಳ ಮೇಲೆ ಹರಡಿ, ಹೊಳೆಯುವ ಬಣ್ಣದ ನೆರವಿನಿಂದ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಆರೋಗ್ಯವಂತರಲ್ಲಿಯೂ, ಇತರ ಕೆಲವು ಕಾಯಿಲೆಗಳಲ್ಲಿಯೂ ಈ ಪ್ರತಿಕಾಯಗಳು ಇರಬಹುದು. ಆದ್ದರಿಂದ ಫಲಿತಾಂಶ ಧನಾತ್ಮಕವಾದ ಮಾತ್ರಕ್ಕೆ ಲೂಪಸ್ ಇದೆಯೆಂದು ಹೇಳಲಾಗದು. ರೋಗಲಕ್ಷಣಗಳನ್ನೂ ಇತರ ಪರೀಕ್ಷೆಗಳನ್ನೂ ಒಟ್ಟಾಗಿ ಪರಿಗಣಿಸಬೇಕು. ದ್ವಿಸುರುಳಿ ಡಿಎನ್‌ಎ ಹಾಗೂ ‘ಎಸ್‌ಎಮ್’ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳು ಲೂಪಸ್‌ಗೆ ಹೆಚ್ಚು ವಿಶಿಷ್ಟವಾದವು. ಇವುಗಳಲ್ಲಿ ಮೊದಲನೆಯದರ ಪ್ರಮಾಣವು ಅನೇಕ ರೋಗಿಗಳಲ್ಲಿ ಕಾಯಿಲೆಯ ತೀವ್ರತೆಯೊಂದಿಗೆ ಏರಿಳಿಯುತ್ತದೆ.