ಬಂಡೆಯ ಮೇಲೆ ಹಲವು ಕಾಲಗಳು

2015ರ ಡಿಸೆಂಬರಿನಲ್ಲಿ ಚೀನಾದ ಗ್ವಾಂಗ್‌ಜೌ ನಗರದಲ್ಲಿ ಮೊದಲ ಏಷ್ಯಾ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನ ಆರಂಭವಾಯಿತು. ಅದಕ್ಕಿಟ್ಟ ಹೆಸರು 'ಏಷ್ಯಾ ಕಾಲ'. ಜಗತ್ತಿಗೆಲ್ಲ ಒಂದೇ ಗಡಿಯಾರವೇ, ನಮ್ಮ ಕಾಲವನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಆ ಹೆಸರಿನಲ್ಲೇ ಇದೆ.

ಏಷ್ಯಾದ ಕಲಾವಿದರಿಗೆ ಈ ಪ್ರಶ್ನೆ ಹೊಸದೇನಲ್ಲ. ಜಪಾನಿನ ಆನ್ ಕವಾರ 1966ರ ಜನವರಿ 4ರಿಂದ ಕ್ಯಾನ್‌ವಾಸಿನ ಮೇಲೆ ಆಯಾ ದಿನದ ತಾರೀಖನ್ನಷ್ಟೇ ಬರೆಯತೊಡಗಿದರು. ದಿನ ಮುಗಿಯುವುದರೊಳಗೆ ಚಿತ್ರ ಮುಗಿಯದಿದ್ದರೆ ಅದನ್ನು ಉಳಿಸುತ್ತಿರಲಿಲ್ಲ. ತೈವಾನಿನಲ್ಲಿ ಹುಟ್ಟಿದ ತೆಚಿಂಗ್ ಶೇ 1980ರ ಏಪ್ರಿಲಿನಿಂದ ಒಂದು ವರ್ಷ ಕಾಲ ಹಗಲು ರಾತ್ರಿಯೆನ್ನದೆ ಗಂಟೆಗೊಮ್ಮೆ ಕಾರ್ಖಾನೆಯ ಹಾಜರಿ ಗಡಿಯಾರಕ್ಕೆ ಕಾರ್ಡು ಒತ್ತಿದರು. ದೆಹಲಿಯ ರಕ್ಸ್ ಮೀಡಿಯಾ ಕಲೆಕ್ಟಿವ್ 2009ರಲ್ಲಿ 27 ಗಡಿಯಾರಗಳನ್ನು ಸಾಲಾಗಿ ಇಟ್ಟಿತು. ಅವುಗಳಲ್ಲಿ ಅಂಕಿಗಳ ಬದಲು ಭಯ, ದಣಿವು, ಪಶ್ಚಾತ್ತಾಪದಂತಹ ಮಾತುಗಳಿದ್ದವು.

ಇಂತಹ ಪ್ರದರ್ಶನಗಳ ಬಗ್ಗೆ ಓದುವಾಗಲೆಲ್ಲ ನಮಗೆ ನೆನಪಾಗುವುದು ರಾಯಚೂರು ಜಿಲ್ಲೆಯ ಬಂಡೆಗಳು. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಅಲ್ಲಿಂದ ಮಸ್ಕಿಯ ಮೇಲೆ ಲಿಂಗಸುಗೂರಿನ ಕಡೆ ಹೊರಟರೆ ಕಲ್ಲುಗುಡ್ಡಗಳು ಎದುರಾಗುತ್ತವೆ. ಲಿಂಗಸುಗೂರು ತಾಲೂಕಿನ ಮುದಗಲ್ ಪಕ್ಕದಲ್ಲಿ ಪಿಕ್ಲಿಹಾಳ ಎಂಬ ಊರಿದೆ. ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1950ರ ದಶಕದ ಆರಂಭದಲ್ಲಿ ಇಲ್ಲಿ ಅಗೆದು ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಬೆಳಕಿಗೆ ತಂದರು. ಅವರ ವರದಿ 1960ರಲ್ಲಿ ಹೈದರಾಬಾದಿನಲ್ಲಿ ಆಂಧ್ರ ಸರಕಾರದ ಮಾಲೆಯಲ್ಲಿ ಅಚ್ಚಾಯಿತು. ಅಷ್ಟರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು!

ಆ ಬಂಡೆಗಳ ಮೇಲೆ ಡುಬ್ಬದ ಹೋರಿಗಳು, ಉದ್ದ ಕೊಂಬಿನ ದನಗಳು, ಮನುಷ್ಯರು, ಮತ್ತೆಷ್ಟೋ ಶತಮಾನಗಳ ನಂತರದ ಕುದುರೆ ಸವಾರರು ಇದ್ದಾರೆ. ಕೆಲವನ್ನು ಕೆಮ್ಮಣ್ಣಿನಿಂದ ಬರೆದಿದ್ದಾರೆ. ಹೆಚ್ಚಿನವನ್ನು ಕಲ್ಲಿನಿಂದ ಕುಟ್ಟಿ ಮಾಡಿದ್ದಾರೆ. ಬಿಸಿಲು ಮಳೆಗೆ ಕಪ್ಪಾದ ಬಂಡೆಯ ಮೈಯನ್ನು ಕುಟ್ಟಿದರೆ ಒಳಗಿನ ಬಿಳಿಚು ಬಣ್ಣ ಹೊರಬರುತ್ತದೆ, ಅದೇ ಗೆರೆ. ಶತಮಾನಗಳು ಕಳೆದಂತೆ ಆ ಗೆರೆಯೂ ಮತ್ತೆ ಕಪ್ಪಾಗುತ್ತದೆ. ಆದ್ದರಿಂದ ತೀರ ಬಿಳಿಯ ಚಿತ್ರ ಈಚಿನದು, ಬಂಡೆಯ ಬಣ್ಣಕ್ಕೇ ತಿರುಗಿದ್ದು ಹಳೆಯದು. ಒಂದರ ಮೇಲೊಂದು ಬಿದ್ದ ಚಿತ್ರಗಳ ಕ್ರಮವನ್ನೂ ಈ ಕಪ್ಪಿನ ಹದವನ್ನೂ ಕೂಡಿಸಿ ವಿದ್ವಾಂಸರು ಅವುಗಳ ಸರದಿಯನ್ನು ಗುರುತಿಸುತ್ತಾರೆ. ಹಿಂದಿನವನ ಹೋರಿಯನ್ನು ಅಳಿಸದೆ ಅದರ ಮೇಲೋ ಪಕ್ಕದಲ್ಲೋ ತನ್ನದನ್ನು ಕುಟ್ಟಿ ಹೋದವರು ಸಾವಿರಾರು ವರ್ಷ ಇಲ್ಲಿ ಬರುತ್ತಲೇ ಇದ್ದರು. ಸಮೂಹ ಪ್ರದರ್ಶನ ಎಂಬ ಮಾತು ಇದಕ್ಕೆ ಒಪ್ಪುವಷ್ಟು ಇನ್ನಾವುದಕ್ಕೂ ಒಪ್ಪುವುದಿಲ್ಲ ಎಂದು ನಮಗನಿಸುತ್ತದೆ.

ಈಗ ತಾನೇ ತಾಲೂಕು ಕೇಂದ್ರವಾಗಿರುವ ಮಸ್ಕಿ ಮೊದಲು ಲಿಂಗಸುಗೂರು ತಾಲೂಕಿನಲ್ಲೇ ಇತ್ತು. ಅಲ್ಲಿನ ಬಂಡೆಯ ಕತೆ ಬೇರೆ. 1915ರ ಜನವರಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬವರ ಕಣ್ಣಿಗೆ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವೊಂದು ಬಿತ್ತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಕಂಡದ್ದು ಮಸ್ಕಿಯಲ್ಲೇ ಮೊದಲು. ಆ ಶಾಸನವೂ ಕಾಲದ ಲೆಕ್ಕದಿಂದಲೇ ತೊಡಗುತ್ತದೆ. ತಾನು ಬೌದ್ಧನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು ಎಂದು ಚಕ್ರವರ್ತಿ ಹೇಳಿಕೊಳ್ಳುತ್ತಾನೆ. ಪಟ್ಟವೇರಿದ ದಿನದಿಂದಲ್ಲ, ಮನಸ್ಸು ತಿರುಗಿದ ದಿನದಿಂದ ಎಣಿಸಿದ ಕಾಲ ಅದು.

ಈ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದರು, ನಿಜಾಮ ಸರಕಾರದ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದು 1915ರಲ್ಲೇ ಹೊರಬಂತು. ಆಗ ಇಲಾಖೆಯ ಮುಖ್ಯಸ್ಥರು ಗುಲಾಮ್ ಯಜ್ದಾನಿ. ಮುಸ್ಲಿಂ ಅರಸನ ಖಜಾನೆ, ಮುಸ್ಲಿಂ ಅಧಿಕಾರಿ, ಬ್ರಾಹ್ಮಣ ವಿದ್ವಾಂಸ, ಆಂಗ್ಲ ಎಂಜಿನಿಯರ್, ಬೌದ್ಧ ಚಕ್ರವರ್ತಿಯ ಹೆಸರು! ಚರಿತ್ರೆಯನ್ನು ಧರ್ಮಕ್ಕೊಂದರಂತೆ ಹಂಚಲು ಹೊರಟವರು ಈ ಒಂದು ಪುಸ್ತಿಕೆಯನ್ನು ಯಾರ ಪಾಲಿಗೆ ಹಾಕುತ್ತಾರೋ ನೋಡಬೇಕು.

ಆ ಜನವರಿಗೆ ಈ ನೆಲದಲ್ಲಿ ಎಷ್ಟು ಹೆಸರುಗಳಿದ್ದವು ಎಂಬುದೂ ಸ್ವಾರಸ್ಯಕರ. ಬೀಡನ್‌ಗೆ ಅದು 1915. ಪಂಚಾಂಗದವರಿಗೆ ಶಾಲಿವಾಹನ ಶಕೆ 1836. ಮಸೀದಿಯಲ್ಲಿ ಹಿಜರಿ 1333. ನಿಜಾಮರ ಕಂದಾಯ ಕಚೇರಿಯಲ್ಲಿ ಫಸಲಿ 1324. ಅಜುರ್, ದೈ, ಬಹಮನ್ ಎಂಬ ಪಾರ್ಸಿ ತಿಂಗಳುಗಳು. ನಮ್ಮ ರೈತರು ಆಡುವ 'ಫಸಲು' ಮತ್ತು ಈ 'ಫಸಲಿ' ಎರಡೂ ಒಂದೇ ಅರಬಿ ಮೂಲದವು. ಅದಕ್ಕೂ ಹಿಂದೆ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಲ್ಲಿ ತನ್ನ ಹೆಸರಿನದೇ ಶಕೆಯನ್ನು ಆರಂಭಿಸಿದ್ದ. ಒಬ್ಬನೇ ರೈತ ಕಂದಾಯವನ್ನು ಫಸಲಿಯಲ್ಲಿ ಕಟ್ಟಿ, ಮದುವೆಯನ್ನು ಪಂಚಾಂಗದಲ್ಲಿ ನೋಡಿ, ಅಲಾಯಿ ಹಬ್ಬಕ್ಕೆ ಹಿಜರಿಯ ಚಂದ್ರನನ್ನು ಕಾಯಬಹುದಿತ್ತು.

ಮುದಗಲ್ಲಿನ ಮೊಹರಂ ಹೆಸರುವಾಸಿ. ಅಲ್ಲಿನ ಹುಸೇನಿ ಆಲಂ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಕೂಡಿ ನಡೆದುಕೊಳ್ಳುತ್ತಾರೆ. ಚಾಂದ್ರಮಾನ ವರ್ಷ ಹನ್ನೊಂದು ದಿನದಷ್ಟು ಚಿಕ್ಕದಾದ್ದರಿಂದ ಹಬ್ಬ ಒಮ್ಮೆ ಮುಂಗಾರಿನ ಬಿತ್ತನೆಗೆ, ಒಮ್ಮೆ ಜೋಳದ ರಾಶಿಗೆ, ಒಮ್ಮೆ ಕಡುಬೇಸಗೆಗೆ ಬಂದು ಸುಮಾರು 33 ವರ್ಷಕ್ಕೆ ಮೊದಲಿದ್ದಲ್ಲಿಗೆ ಮರಳುತ್ತದೆ. ಹಿಂದೆ ಇದೇ ಬಿತ್ತನೆಯ ಹೊತ್ತಿಗೆ ದೇವರು ಕೂತಿದ್ದಾಗ ತಮಗೆಷ್ಟು ವಯಸ್ಸು ಎಂದು ಹಿರಿಯರು ಲೆಕ್ಕ ಹಾಕಬಲ್ಲರು.

ಮಸ್ಕಿಯ ಬಂಡೆಗೆ ಚಕ್ರವರ್ತಿಯ ಹೆಸರಿದೆ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಪಿಕ್ಲಿಹಾಳದಂತಹ ಕಡೆಯ ಚಿತ್ರಗಳಿಗೆ ಹೆಸರಿಲ್ಲ, ತಾರೀಖಿಲ್ಲ. ದನ ಕಾಯುವವರು ಕುಟ್ಟಿದ್ದು ಎಂದರೆ ಅಷ್ಟಕ್ಕೇ ಬೆಲೆ ಇಳಿಯುತ್ತದೆ. ಬಳ್ಳಾರಿ ಸಮೀಪದ ಕಪ್ಪಗಲ್ಲಿನ ಗುಡ್ಡದಲ್ಲಿ ಇಂತಹವೇ ಚಿತ್ರಗಳಿವೆ, ಬಡಿದರೆ ಗಂಟೆಯಂತೆ ನುಡಿಯುವ ಕಲ್ಲುಗಳಿವೆ. ನಿಕೋಲ್ ಬೊವಾನ್ 2004ರಲ್ಲಿ ಅವುಗಳ ಬಗ್ಗೆ ಬರೆಯುವಾಗಲೇ ಕಲ್ಲುಗಣಿಗಾರಿಕೆ ಗುಡ್ಡದ ಒಂದು ಭಾಗವನ್ನು ತಿಂದಿತ್ತು. ದೋಆಬಿನ ಗುಡ್ಡಗಳೂ ಅದೇ ಗ್ರಾನೈಟ್ ಜಾತಿಯವು. ಜಲ್ಲಿಯಾದ ಮೇಲೆ ಯಾವ ಗೆರೆ ಎಷ್ಟು ಕಪ್ಪಾಗಿತ್ತೆಂದು ನೋಡಲು ಬರುವುದಿಲ್ಲ. ಮುದಗಲ್ ಸುತ್ತಿನ ಯಾವುದೇ ಗುಡ್ಡಕ್ಕೆ ಗಣಿ ಪರವಾನಗಿ ಕೊಡುವ ಮುಂಚೆ ಸಂಬಂಧಪಟ್ಟವರು ಆಲ್ಚಿನ್ನರ ವರದಿಯನ್ನು ಮೇಜಿನ ಮೇಲಿಟ್ಟುಕೊಂಡು, ಗುಡ್ಡಕ್ಕೆ ಹೋಗಿ ಒಂದೊಂದೇ ಬಂಡೆಯನ್ನು ಸುತ್ತಿ ನೋಡಲಿ ಎಂದಷ್ಟೇ ನಾವು ಕೇಳುತ್ತೇವೆ.