ಮಿಡ್‌ವೈಫ್ ಎಂದರೆ ಯಾರು? ಪುಣೆಯಲ್ಲಿ ಓದು, ನೋಂದಣಿ ಮತ್ತು ವೃತ್ತಿ

ಹೆರಿಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿದ ಮೇಲೆ ತಾಯಿಯ ಪಕ್ಕದಲ್ಲಿ ಹೆಚ್ಚು ಹೊತ್ತು ಇರುವವರು ನರ್ಸ್‌ಗಳು. ಮನೆಯವರು ಇವರೆಲ್ಲರನ್ನೂ ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಆದರೆ ಎಲ್ಲರ ತರಬೇತಿ ಒಂದೇ ಅಲ್ಲ. ಹೆರಿಗೆ ಮಾಡಿಸುವವರ ಓದು ಮತ್ತು ನೋಂದಣಿಯ ಬಗ್ಗೆ ತಿಳಿದಿರುವುದು ಗರ್ಭಿಣಿಗೂ ಒಳ್ಳೆಯದು, ಈ ವೃತ್ತಿಗೆ ಮಗಳನ್ನು ಕಳಿಸಬೇಕೆನ್ನುವ ಮನೆಯವರಿಗೂ ಒಳ್ಳೆಯದು.

ಸೂಲಗಿತ್ತಿ, ಮಿಡ್‌ವೈಫ್, ಡೌಲಾ: ವ್ಯತ್ಯಾಸವೇನು?

ಸೂಲಗಿತ್ತಿಯರು ಹಿರಿಯರ ಜೊತೆಗಿದ್ದು ಅನುಭವದಿಂದ ಕಲಿತವರು. ಸಾವಿರಾರು ಹೆರಿಗೆ ಮಾಡಿಸಿದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಮಿಡ್‌ವೈಫ್ ಎಂದರೆ ಮಾನ್ಯತೆ ಪಡೆದ ಕೋರ್ಸ್ ಓದಿ, ಪರೀಕ್ಷೆ ಪಾಸಾಗಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು. ಡೌಲಾ ಧೈರ್ಯ ಹೇಳುತ್ತಾರೆ, ಬೆನ್ನು ನೀವುತ್ತಾರೆ, ಉಸಿರಾಟ ಹೇಳಿಕೊಡುತ್ತಾರೆ. ಒಳಪರೀಕ್ಷೆ ಮಾಡುವುದು, ಹೆರಿಗೆ ಮಾಡಿಸುವುದು ಅವರ ಕೆಲಸವಲ್ಲ.

ಮಿಡ್‌ವೈಫ್ ಏನು ಮಾಡುತ್ತಾರೆ?

ತೊಂದರೆಯಿಲ್ಲದ ಬಸಿರಿನಲ್ಲಿ ತಪಾಸಣೆ, ಸಹಜ ಹೆರಿಗೆ, ಬಾಣಂತಿ ಮತ್ತು ಎಳೆಗೂಸಿನ ಆರೈಕೆ ಇವರ ಕೆಲಸ. ನೋವಿನ ಸಮಯದಲ್ಲಿ ತಾಯಿಯ ಬಿಪಿ, ಮಗುವಿನ ಎದೆಬಡಿತ ಮತ್ತು ಗರ್ಭಕೊರಳು ತೆರೆಯುತ್ತಿರುವುದನ್ನು ಪಾರ್ಟೋಗ್ರಾಫ್ ಎಂಬ ಚಾರ್ಟಿನಲ್ಲಿ ಗುರುತಿಸುತ್ತಾರೆ. ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯಲು ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಮೊದಲ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಲು ನೆರವಾಗುತ್ತಾರೆ.

ಸಿಸೇರಿಯನ್ ಮಾಡುವವರು ಡಾಕ್ಟರ್. ಬಿಪಿ ಏರುವುದು, ಫಿಟ್ಸ್, ಹೆಚ್ಚು ರಕ್ತಸ್ರಾವ, ಹೆರಿಗೆ ಮುಂದುವರಿಯದಿರುವುದು: ಇವುಗಳನ್ನು ಬೇಗ ಗುರುತಿಸಿ ಡಾಕ್ಟರನ್ನು ಕರೆಯುವುದು ಮಿಡ್‌ವೈಫ್ ತರಬೇತಿಯ ಮುಖ್ಯ ಭಾಗ. ಅದರಲ್ಲಿ ತಡವಾದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಯಾವ ಕೋರ್ಸ್ ಓದಬೇಕು?

• ಎಎನ್‌ಎಂ: 2 ವರ್ಷ. 12ನೇ ತರಗತಿ, ಅಂದರೆ ದ್ವಿತೀಯ ಪಿಯುಸಿ ಆಗಿರಬೇಕು. ಮಹಿಳೆಯರಿಗೆ ಮಾತ್ರ. ಉಪಕೇಂದ್ರಗಳಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಇವರೇ.
• ಜಿಎನ್‌ಎಂ: 3 ವರ್ಷದ ಡಿಪ್ಲೊಮಾ. ನರ್ಸಿಂಗ್ ಜೊತೆಗೆ ಮಿಡ್‌ವೈಫರಿಯೂ ಸೇರಿರುತ್ತದೆ.
• ಬಿ.ಎಸ್ಸಿ. ನರ್ಸಿಂಗ್: 4 ವರ್ಷ. 12ರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. ಪ್ರವೇಶ ಪರೀಕ್ಷೆ ಇರುತ್ತದೆ.
• ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿ: ಜಿಎನ್‌ಎಂ ಅಥವಾ ಬಿ.ಎಸ್ಸಿ. ಮುಗಿಸಿ, ಹೆರಿಗೆ ಮಾಡಿಸಿದ ಅನುಭವ ಇರುವವರಿಗೆ 18 ತಿಂಗಳ ತರಬೇತಿ.

ಕೊನೆಯದು ಹೊಸ ದಾರಿ. ತೆಲಂಗಾಣದ ಕರೀಂನಗರದಲ್ಲಿ 2017ರಲ್ಲಿ ಇಂಥ ತರಬೇತಿ ಶುರುವಾಯಿತು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದೇಶಕ್ಕೆಲ್ಲ ಮಾರ್ಗಸೂಚಿ ಹೊರಡಿಸಿತು. ಹೆಚ್ಚು ಹೆರಿಗೆ ನಡೆಯುವ ಸರ್ಕಾರಿ ಆಸ್ಪತ್ರೆಗಳಲ್ಲಿ ಮಿಡ್‌ವೈಫ್‌ಗಳೇ ಮುನ್ನಡೆಸುವ ಹೆರಿಗೆ ಘಟಕ ತೆರೆಯುವುದು ಇದರ ಉದ್ದೇಶ. ತೊಂದರೆಯಾದರೆ ಡಾಕ್ಟರ್ ಮತ್ತು ಆಪರೇಷನ್ ಥಿಯೇಟರ್ ಅಲ್ಲೇ ಸಿಗುತ್ತವೆ.

ಪುಣೆಯಲ್ಲಿ ಎಲ್ಲಿ?

ಈ ಊರಿಗೂ ಈ ಓದಿಗೂ ಹಳೆಯ ನಂಟಿದೆ. ರಮಾಬಾಯಿ ರಾನಡೆ ಅವರ ಮುಂದಾಳತ್ವದಲ್ಲಿ 1909ರಲ್ಲಿ ಶುರುವಾದ ಪುಣೆ ಸೇವಾಸದನ, ಹೆಣ್ಣುಮಕ್ಕಳನ್ನು ಸಸೂನ್ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೇರಿಸಿತು. ವಿಧವೆಯರಿಗೆ ಅದು ಸ್ವಂತ ದುಡಿಮೆಯ ದಾರಿಯೂ ಆಯಿತು. ಇಂದು ಇಲ್ಲಿ ಭಾರತಿ ವಿದ್ಯಾಪೀಠ ಸೇರಿದಂತೆ ಹಲವು ನರ್ಸಿಂಗ್ ಕಾಲೇಜುಗಳಿವೆ. ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನ ನರ್ಸಿಂಗ್ ಕಾಲೇಜಿಗೆ ನೀಟ್ ಅಂಕದ ಜೊತೆಗೆ ಸೇನೆಯ ಆಯ್ಕೆ ಪ್ರಕ್ರಿಯೆಯೂ ಇದೆ.

ಕಾಲೇಜಿಗೆ ಸೇರುವ ಮುನ್ನ ಎರಡು ವಿಷಯ ವಿಚಾರಿಸಿ: ಈ ವರ್ಷದ ಮಾನ್ಯತೆ ಇದೆಯೇ? ಹೆರಿಗೆ ತರಬೇತಿ ಯಾವ ಆಸ್ಪತ್ರೆಯಲ್ಲಿ? ಹೆರಿಗೆಗಳೇ ಕಡಿಮೆ ಇರುವ ಆಸ್ಪತ್ರೆಯಲ್ಲಿ ಕೈಪಳಗುವುದು ಕಷ್ಟ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಮಾತು: ಬಿ.ಎಸ್ಸಿ. ಪಾಠ ಇಂಗ್ಲಿಷಿನಲ್ಲಿರುತ್ತದೆ, ವಾರ್ಡಿನಲ್ಲಿ ಮರಾಠಿ ಬೇಕೇ ಬೇಕು. ಕಲಬುರಗಿ, ವಿಜಯಪುರ ಕಡೆಯಿಂದ ದುಡಿಯಲು ಬಂದ ಗರ್ಭಿಣಿಗೆ ಕನ್ನಡ ಬಲ್ಲ ಸಿಸ್ಟರ್ ಸಿಕ್ಕರೆ ಎಷ್ಟು ಸಮಾಧಾನ ಎಂಬುದನ್ನು ಹೇಳಬೇಕಿಲ್ಲ.

ನೋಂದಣಿ ಮತ್ತು ಮುಂದಿನ ಹಾದಿ

ಕೋರ್ಸ್ ಮುಗಿದ ಮೇಲೆ ಮುಂಬೈಯಲ್ಲಿರುವ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಕರ್ನಾಟಕದಲ್ಲಿ ಓದಿ ನೋಂದಾಯಿಸಿದವರು ಪುಣೆಯಲ್ಲಿ ಕೆಲಸ ಮಾಡಲು ಇಲ್ಲಿಯ ಕೌನ್ಸಿಲ್‌ನಲ್ಲೂ ನೋಂದಣಿ ಪಡೆಯಬೇಕು. ಅವಧಿ ಮುಗಿದಾಗ ನವೀಕರಿಸುವುದನ್ನು ಮರೆಯಬಾರದು.

ಹೆರಿಗೆ ಕೋಣೆಯ ಸ್ಟಾಫ್ ನರ್ಸ್, ಮುಂದೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗುವುದು ಸಾಮಾನ್ಯ ಹಾದಿ. ಪ್ರಸೂತಿ ನರ್ಸಿಂಗ್‌ನಲ್ಲಿ 2 ವರ್ಷದ ಎಂ.ಎಸ್ಸಿ. ಮಾಡಿದರೆ ಪಾಠ ಹೇಳಬಹುದು. ಮಹಾನಗರಪಾಲಿಕೆಯ ಕಮಲಾ ನೆಹರೂ ಆಸ್ಪತ್ರೆಯಂಥ ಕಡೆ, ಪ್ರಸೂತಿಗೃಹಗಳಲ್ಲಿ, ಖಾಸಗಿ ಆಸ್ಪತ್ರೆಗಳಲ್ಲಿ ಕೆಲಸ ಇರುತ್ತದೆ. ರಾತ್ರಿ ಪಾಳಿ, ನಿಂತೇ ಮಾಡುವ ಕೆಲಸ, ಕೆಲವೊಮ್ಮೆ ಸಾವಿನ ನೋವು ಈ ವೃತ್ತಿಯ ಜೊತೆಗೇ ಬರುತ್ತವೆ. ಇದನ್ನು ಮೊದಲೇ ತಿಳಿದು ಬರುವುದು ಒಳ್ಳೆಯದು.

ಗರ್ಭಿಣಿ ಮತ್ತು ಮನೆಯವರು ಕೇಳಬೇಕಾದ ಪ್ರಶ್ನೆಗಳು

• ಹೆರಿಗೆ ಮಾಡಿಸುವವರು ನೋಂದಾಯಿತ ನರ್ಸ್-ಮಿಡ್‌ವೈಫ್ ಅಥವಾ ಡಾಕ್ಟರೇ?
• ರಾತ್ರಿ ಹೊತ್ತು ಡಾಕ್ಟರ್ ಎಷ್ಟು ಬೇಗ ಸಿಗುತ್ತಾರೆ?
• ರಕ್ತ ಮತ್ತು ಸಿಸೇರಿಯನ್ ವ್ಯವಸ್ಥೆ ಎಲ್ಲಿದೆ?
• ಹೆರಿಗೆ ಕೋಣೆಯಲ್ಲಿ ಮನೆಯವರೊಬ್ಬರು ಜೊತೆಗಿರಬಹುದೇ?

ಈ ಪ್ರಶ್ನೆ ಕೇಳಲು ಸಂಕೋಚ ಬೇಡ. ಬಸಿರಿನಲ್ಲಿ ರಕ್ತ ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಫಿಟ್ಸ್, ಜ್ವರ, ಮಗುವಿನ ಚಲನೆ ಕಡಿಮೆಯಾಗುವುದು, ನೀರು ಒಡೆಯುವುದು: ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಕೂಡಲೇ ಆಸ್ಪತ್ರೆಗೆ ಹೋಗಿ.