ಸೈನೈಡ್ ಗುಡ್ಡದ ಪ್ರಶ್ನೆ

ಬಂಗಾರಪೇಟೆಯ ಹೆಸರಿನಲ್ಲಿ ಬಂಗಾರವಿದ್ದರೂ ಅದು ಚಿನ್ನದಿಂದ ಬಂದದ್ದಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಬೌರಿಂಗ್‌ಪೇಟೆ ಜನರ ಬಾಯಲ್ಲಿ ಉರುಳಿ ಉರುಳಿ ಹೀಗಾಯಿತು. ಚಿನ್ನವಿದ್ದದ್ದು ಪಕ್ಕದ ಕೆ.ಜಿ.ಎಫ್.ನಲ್ಲಿ. 1894ರಲ್ಲಿ ಇಲ್ಲಿಂದ ಮಾರಿಕುಪ್ಪದವರೆಗೆ ರೈಲು ಹಾಕಿದರು. ಅದೇ ಹಳಿಯ ಮೇಲೆ ಈಗ ನನ್ನ ವಿದ್ಯಾರ್ಥಿಗಳ ತಂದೆಯರು ಬೆಳಗಿನ ಜಾವ ಎದ್ದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಖನಿಜ ಸಂಪತ್ತಿನ ಪಾಠ ಮಾಡುತ್ತಿದ್ದೆ. ಗಾಳಿಯ ದಿನ. ಕೆ.ಜಿ.ಎಫ್.ನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಚಿನ್ನ ತೆಗೆಯೋದು ಕಲಿಸೋಕೆ ನಮ್ಮೂರಲ್ಲಿ ಕಾಲೇಜಿದೆ. ಸೈನೈಡ್ ಗುಡ್ಡದ ಮೇಲೆ ಗಿಡ ಬೆಳೆಸೋದು ಎಲ್ಲಿ ಕಲಿಸ್ತಾರೆ?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಎಂದೆ. ಮೇಷ್ಟ್ರುಗಳ ಹಳೆಯ ಉಪಾಯ ಅದು.

ಅವಳು ಹೇಳಿದ್ದು ಸರಿಯೇ. ಭೂಮಿಯ ಒಳಗೆ ಇಳಿಯುವ ವಿದ್ಯೆಗೆ ಆ ಊರಿನಲ್ಲಿ ಕೊರತೆಯಾಗಲಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗೆ ಕೈಹಾಕಿದಾಗ ಕೆಲಸ ಬಲ್ಲವರನ್ನು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕರೆತಂದರು. ನಮ್ಮವರು ಕತ್ತಲಲ್ಲಿ ಕೈಯಿಂದ ಕೈಗೆ ಕಲಿತರು. ಮುಂದೆ ಊರಿಗಾಂನಲ್ಲಿ ಸ್ಕೂಲ್ ಆಫ್ ಮೈನ್ಸ್ ಬಂತು, ಗಣಿ ಡಿಪ್ಲೊಮಾ ಬಂತು. 1986ರಲ್ಲಿ ಎಂಜಿನಿಯರಿಂಗ್ ಕಾಲೇಜು, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಯಾವಾಗ ಸಿಡಿದೀತು ಎಂದು ಲೆಕ್ಕ ಹಾಕುವ ವಿದ್ವಾಂಸರು ಅಲ್ಲಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕಲಿತ ಕೆಲವರು ರಾಯಚೂರಿನ ಹಟ್ಟಿಗೆ ಹೋದರು. ಸುಮಾರು 800 ಟನ್ ಚಿನ್ನ ಊರು ಬಿಟ್ಟು ಹೋಗಿತ್ತು. ಉಳಿದದ್ದು ಮೂರು ಕೋಟಿ ಟನ್ನಿಗೂ ಮೀರಿದ ಪುಡಿಯ ಗುಡ್ಡಗಳು.

ಅದು ಮಣ್ಣಲ್ಲ, ಅರೆದ ಬಂಡೆಯ ಹಿಟ್ಟು. ಅದರಲ್ಲಿ ಗೊಬ್ಬರದ ಅಂಶವಿಲ್ಲ, ನೀರು ನಿಲ್ಲುವುದಿಲ್ಲ. ಸೈನೈಡ್ ಬಿಸಿಲು ಗಾಳಿಗೆ ಬಹುಪಾಲು ಒಡೆದು ಹೋಗುತ್ತದೆ. ಆದರೆ ಗಂಧಕದ ಖನಿಜಗಳು ಉಳಿದು, ಮಳೆಯ ನೀರು ಸೇರಿದಾಗ ಆಮ್ಲವಾಗುತ್ತವೆ. ಅಲ್ಲಿ ಗಿಡ ನೆಡುವುದು ವನಮಹೋತ್ಸವದ ಕೆಲಸವಲ್ಲ, ಓದಿ ಮಾಡಬೇಕಾದ ಕೆಲಸ.

ಓದದೆ ಗಿಡ ನೆಟ್ಟರೆ ಏನಾಗುತ್ತದೆ ಎಂಬುದನ್ನೂ ನಮ್ಮ ಜಿಲ್ಲೆ ಕಂಡಿದೆ. 1983ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. ಎಳೆ ವಯಸ್ಸಿನಲ್ಲಿ ನಾವೂ ಆ ಸಸಿಗಳಿಗೆ ನೀರು ಹೊತ್ತಿದ್ದೇವೆ, ಶಾಲೆಯಿಂದ ಸಾಲಾಗಿ ಹೋಗಿ! ನೀಲಗಿರಿ ಬೇಡವೆಂದು ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ. ಅಷ್ಟರಲ್ಲಿ ಬಾವಿಗಳು ಬತ್ತಿದ್ದವು. ತಪ್ಪೆಲ್ಲ ಮರದ್ದೆಂದು ನಾನು ಹೇಳಲಾರೆ, ಕೊಳವೆಬಾವಿಗಳೇನು ಕಡಿಮೆ ಇದ್ದವೇ?

ಉತ್ತರ ಹುಡುಕಿದಾಗ ಸಿಕ್ಕಿದ್ದು ದೂರದ ಮಲೆನಾಡಿನಲ್ಲಿ. ಶಿರಸಿಯ ಅರಣ್ಯ ಮಹಾವಿದ್ಯಾಲಯ 1985ರದು, ಕೊಡಗಿನ ಪೊನ್ನಂಪೇಟೆಯದು 1995ರದು. ನಾಲ್ಕು ವರ್ಷದ ಪದವಿ, ಸಿ.ಇ.ಟಿ. ಮೂಲಕ ಪ್ರವೇಶ. ಮಳೆಯಿದ್ದಲ್ಲಿ ಕಾಡಿನ ಕಾಲೇಜು, ಚಿನ್ನವಿದ್ದಲ್ಲಿ ಗಣಿಯ ಕಾಲೇಜು. ಕಾಡಿಲ್ಲದ ಊರಿಗೆ ಕಾಡಿನ ವಿದ್ಯೆ ಹೆಚ್ಚು ಬೇಕು ಎಂದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು.

ಹುಡುಗಿಯ ತಂದೆ ಶಾಲೆಗೆ ಬಂದರು. "ಹೆಣ್ಣು ಮಗು ಕಾಡಲ್ಲಿ ಏನು ಮಾಡ್ತದೆ ಮೇಡಂ? ನರ್ಸಿಂಗ್ ಆದ್ರೆ ಬೆಂಗಳೂರಲ್ಲೇ ಕೆಲಸ." ಅವರ ಮಾತು ತಪ್ಪೆನ್ನಲಾಗಲಿಲ್ಲ. ಅರಣ್ಯ ಇಲಾಖೆಯ ವಲಯಾಧಿಕಾರಿ ಹುದ್ದೆಯ ದಾರಿಯೂ ಇದೆ ಎಂದೆ. ಕೆಲಸ ಸಿಕ್ಕೇ ಸಿಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಎರಡು ವರ್ಷ ಮನೆಯಲ್ಲಿ ವಾದ ನಡೆದು, ಕೊನೆಗೆ ಅವಳು ಶಿರಸಿಗೇ ಹೋದಳು.

2024ರ ಜೂನ್‌ನಲ್ಲಿ ಆ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ಇನ್ನೊಮ್ಮೆ ಅರೆದಾದ ಮೇಲೆ ಆ ಪುಡಿಯನ್ನು ಹಿಡಿದು ನಿಲ್ಲಿಸುವವರು ಯಾರು ಎಂದು ಊರಿನವರು ಕೇಳುತ್ತಿದ್ದಾರೆ.

ಆ ವರ್ಷ ರಜೆಗೆ ಬಂದಿದ್ದ ಹುಡುಗಿ ಗುಡ್ಡದ ಬುಡದಿಂದ ಎರಡು ಕಿಲೋ ಪುಡಿ ತುಂಬಿಕೊಂಡು ಹೋದಳು. ಕುಂಡದಲ್ಲಿ ಹಾಕಿ ಯಾವ ಹುಲ್ಲು ಮೊಳೆಯುತ್ತದೆ ನೋಡಬೇಕಂತೆ. ರೈಲಿನಲ್ಲಿ ಪಕ್ಕದವರು, "ಏನಮ್ಮಾ, ಚಿನ್ನಾನಾ?" ಎಂದು ಕೇಳಿದರಂತೆ.

"ಸ್ವಲ್ಪ ಇದೆ, ಅದು ಬೇಡ ನಂಗೆ" ಎಂದಳಂತೆ.